ಕೊಡಗಿನ ಮಳೆ, ಬೆಂಗಳೂರಿನ ಫೋನು

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನನ್ನ ಫೋನಿಗೆ ಬಂದ ಒಂದು ಮೆಸೇಜನ್ನು ಇನ್ನೂ ಅಳಿಸಿಲ್ಲ. "ಮುಕ್ಕೋಡ್ಲು ಹತ್ತಿರ ಗುಡ್ಡದ ಮೇಲೆ ಜನ ಸಿಕ್ಕಿಹಾಕಿಕೊಂಡಿದ್ದಾರೆ. ಊಟ ಇಲ್ಲ, ನೀರಿಲ್ಲ. ದಯವಿಟ್ಟು ಎಲ್ಲರಿಗೂ ಶೇರ್ ಮಾಡಿ." ಅಷ್ಟೇ ಇರುವುದು. ಯಾರು ಬರೆದರು, ಯಾವಾಗ ಬರೆದರು, ಎಷ್ಟು ಜನ ಇದ್ದಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಒಂದೂ ಇಲ್ಲ. ಒಂದೇ ಸಂಜೆ ಎಷ್ಟೋ ಗ್ರೂಪುಗಳಿಂದ ಇದೇ ಮೆಸೇಜು ಬಂತು. ಗುಡ್ಡದ ಮೇಲಿದ್ದವರು ಕೆಳಗಿಳಿದು ಕ್ಯಾಂಪ್ ಸೇರಿದ ಮೇಲೂ ಬರುತ್ತಲೇ ಇತ್ತು.

ನಮ್ಮೂರು ಮಾದಾಪುರದ ಕಡೆ. ಅಪ್ಪನ ಮನೆ, ಒಂದಿಷ್ಟು ಕಾಫಿ, ಕರಿಮೆಣಸು. ತಮ್ಮ ಅಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾನೆ. ನಾನು ಮದುವೆಯಾಗಿ ಬೆಂಗಳೂರಿನ ವಿಜಯನಗರದಲ್ಲಿದ್ದೇನೆ. ಸಾಫ್ಟ್‌ವೇರ್‌ನವಳಲ್ಲ, ಒಂದು ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲಸ. ಮೊಬೈಲು, ಆ್ಯಪು, ಮ್ಯಾಪು ಇವುಗಳ ಬಗ್ಗೆ ನನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುವಷ್ಟೇ. ಆದರೆ ಬಾಕಿ ಇರುವ ಎಂಟ್ರಿಯನ್ನು ಬೆನ್ನು ಹತ್ತಿ ಕ್ಲೋಸ್ ಮಾಡಿಸುವುದು ನನ್ನ ದಿನನಿತ್ಯದ ಕೆಲಸ. ಆ ವಾರ ಪ್ರಯೋಜನಕ್ಕೆ ಬಂದದ್ದು ಆ ಅಭ್ಯಾಸವೇ.

ಆ ವರ್ಷ ಜೂನ್‌ನಿಂದಲೂ ಮಳೆ ಜೋರಾಗಿತ್ತು. ಜುಲೈನಲ್ಲಿ ಒಮ್ಮೆ ಭೂಮಿ ಲಘುವಾಗಿ ಅದುರಿ ಜನ ಹೆದರಿದ್ದರು. ಆಗಸ್ಟ್ 15 ಕಳೆಯುತ್ತಿದ್ದಂತೆ ಒಂದೊಂದೇ ಬರೆ ಜರಿಯಲು ಶುರುವಾಯಿತು. ನಮ್ಮ ಕಡೆ ಗುಡ್ಡದ ಇಳಿಜಾರಿಗೆ ಬರೆ ಅಂತಾರೆ. ಮಕ್ಕಂದೂರು, ಹೆಬ್ಬೆಟ್ಟಗೇರಿ, ಕಾಲೂರು, ಹಟ್ಟಿಹೊಳೆ, ಮುಕ್ಕೋಡ್ಲು, ಆಚೆ ಮಂಗಳೂರು ರಸ್ತೆಯಲ್ಲಿ ಮೊಣ್ಣಂಗೇರಿ, ಜೋಡುಪಾಲ. ಟಿವಿ ಹಾಕಿದರೆ 16ನೇ ತಾರೀಕು ಸಂಜೆಯಿಂದ ವಾಜಪೇಯಿಯವರು ತೀರಿಕೊಂಡ ಸುದ್ದಿ. ಆಮೇಲೆ ಕೇರಳದ ಪ್ರವಾಹ. ಕೇರಳದ್ದು ದೊಡ್ಡ ದುರಂತವೇ, ನಾನೂರಕ್ಕೂ ಹೆಚ್ಚು ಜನ ಹೋದರು. ಕೊಡಗು ಐದೂವರೆ ಲಕ್ಷ ಜನರ ಚಿಕ್ಕ ಜಿಲ್ಲೆ. ಹಾಗಾಗಿ ನಮ್ಮ ಸುದ್ದಿ ಮೊದಲು ಓಡಾಡಿದ್ದು ವಾಟ್ಸಾಪ್‌ನಲ್ಲೇ.

ತಮ್ಮನ ಫೋನ್ ಎರಡು ದಿನ ಸಿಗಲಿಲ್ಲ. ಆ ಎರಡು ದಿನದ ಬಗ್ಗೆ ಜಾಸ್ತಿ ಬರೆಯಲಾರೆ. ಮೂರನೇ ದಿನ ಬೆಳಗ್ಗೆ ಒಂದು ಎಸ್ಸೆಮ್ಮೆಸ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಎಲ್ಲರೂ ಚೆನ್ನಾಗಿದ್ದೇವೆ, ರಸ್ತೆ ಇಲ್ಲ, ಕರೆಂಟ್ ಇಲ್ಲ, ಫೋನ್ ಆಫ್ ಮಾಡ್ತೇನೆ. ಅದು ಬಂದ ಮೇಲೇ ನನಗೆ ಬೇರೆಯವರ ಬಗ್ಗೆ ಯೋಚಿಸುವಷ್ಟು ಬುದ್ಧಿ ಬಂದದ್ದು.

ಫೋನ್ ಯಾಕೆ ಸತ್ತುಹೋಗುತ್ತದೆ ಅಂತ ಆಮೇಲೆ ಒಬ್ಬ ಟವರ್ ಮೆಕ್ಯಾನಿಕ್ ವಿವರಿಸಿದರು. ಕರೆಂಟ್ ಹೋದರೆ ಟವರ್ ಕೆಲವು ಗಂಟೆ ಬ್ಯಾಟರಿಯಲ್ಲಿ ಓಡುತ್ತದೆ. ಆಮೇಲೆ ಡೀಸೆಲ್ ಜನರೇಟರ್. ರಸ್ತೆಯೇ ಇಲ್ಲದಾಗ ಡೀಸೆಲ್ ತರೋದು ಹೇಗೆ? ಅದಕ್ಕಿಂತ ದೊಡ್ಡ ತೊಂದರೆ ಕೇಬಲ್ಲಿನದು. ಟವರಿಗೆ ಹೋಗುವ ಫೈಬರ್ ಕೇಬಲ್ ಮಲಗಿರುವುದು ರಸ್ತೆ ಪಕ್ಕದಲ್ಲೇ. ರಸ್ತೆ ಜರಿದರೆ ಅದೂ ಜರಿಯುತ್ತದೆ. ಅಂದರೆ ಎಲ್ಲಿ ದಾರಿ ಮುಚ್ಚಿತೋ ಅಲ್ಲೇ ಫೋನೂ ಮುಚ್ಚುತ್ತದೆ. ಆ್ಯಪ್ ಮಾಡುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ ಏನೋ.

ನಾವು ಶುರು ಮಾಡಿದ್ದು ತೀರಾ ಸರಳವಾಗಿ. ನಾನು, ಆಫೀಸಿನಲ್ಲಿ ಜೊತೆಗಿದ್ದ ಸುಳ್ಯದ ಗೆಳತಿ, ಅವಳ ತಂಗಿ, ಮಲಯಾಳಂ ಬರುವ ಇನ್ನೊಬ್ಬ ಸಹೋದ್ಯೋಗಿ. ನಮ್ಮ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪು, ಒಂದು ರಾಶಿ ಚಾರ್ಜರು. ಬೆಂಗಳೂರಲ್ಲಿ ಕೂತು ಏನು ಮಾಡ್ತೀರಿ ಅಂತ ಕೆಲವರು ನಕ್ಕರು. ಆದರೆ ಕರೆಂಟು, ನೆಟ್ಟು, ಒಣಗಿದ ಬಟ್ಟೆ ಇರುವವರೇ ಮಾಡಬೇಕಾದ ಕೆಲಸ ಇದು. ಮಡಿಕೇರಿಯಲ್ಲಿ ಇದ್ದವರಿಗೆ ಅವರ ಮನೆಯನ್ನೇ ನೋಡಿಕೊಂಡರೆ ಸಾಕಾಗಿತ್ತು.

ಒಂದು ಗೂಗಲ್ ಶೀಟ್ ತೆರೆದೆವು. ಯಾವ ಗ್ರೂಪಿನಲ್ಲಿ ಏನೇ ಮೆಸೇಜು ಬಂದರೂ ಅದನ್ನು ಮುಂದೆ ಕಳಿಸುವ ಹಾಗಿಲ್ಲ, ಶೀಟಿಗೆ ಹಾಕಬೇಕು. ಹಾಕಿದ ಮೇಲೆ ಒಬ್ಬರು ಅದನ್ನು ತಮ್ಮ ಹೆಸರಿಗೆ ತೆಗೆದುಕೊಳ್ಳಬೇಕು. ತೆಗೆದುಕೊಂಡವರು ಫೋನ್ ಮಾಡಬೇಕು. ನಂಬರ್ ಇಲ್ಲದಿದ್ದರೆ ಮೆಸೇಜು ಕಳಿಸಿದವರಿಗೆ, ಅವರಿಗೆ ಕಳಿಸಿದವರಿಗೆ, ಹೀಗೆ ಹಿಂದೆ ಹಿಂದೆ ಹೋಗಬೇಕು. ಹತ್ತರಲ್ಲಿ ಎಂಟು ಸಲ "ನನಗೆ ಬೇರೆ ಗ್ರೂಪಿಂದ ಬಂತು ಮೇಡಂ" ಅನ್ನುವ ಉತ್ತರವೇ. ಉಳಿದ ಎರಡರಲ್ಲಿ ನಿಜವಾದ ಮನುಷ್ಯ ಸಿಗುತ್ತಾನೆ.

ಸಿಕ್ಕವರ ಹತ್ತಿರ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆವು. ಎಷ್ಟು ಜನ. ನಡೆಯಲಾರದವರು ಯಾರು. ಬಸುರಿ, ಬಾಣಂತಿ ಇದ್ದಾರಾ. ದಿನಾ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೆಷ್ಟು ದಿನಕ್ಕೆ ಮಾತ್ರೆ ಉಂಟು. ಮನೆಯಿಂದ ರಸ್ತೆಗೆ ಬರುವ ದಾರಿ ಹೇಗಿದೆ, ಎಲ್ಲಿ ಕಡಿದಿದೆ. ಮೇಲಿನ ಬರೆಯಲ್ಲಿ ಬಿರುಕು ಕಾಣ್ತಿದೆಯಾ. ಮತ್ತೆ ಯಾರ ಹತ್ತಿರ ಫೋನ್ ಇದೆ, ಚಾರ್ಜ್ ಎಷ್ಟಿದೆ.

ಕೊನೆಯ ಪ್ರಶ್ನೆಯನ್ನು ಮೊದಲು ಕೇಳಬೇಕು ಅಂತ ಬೇಗ ಗೊತ್ತಾಯಿತು. ಚಾರ್ಜ್ ಕಮ್ಮಿ ಇದ್ದರೆ ಉಳಿದದ್ದೆಲ್ಲ ಒಂದು ನಿಮಿಷದಲ್ಲಿ ಮುಗಿಸಬೇಕು, ಅಲ್ವಾ? ಒಂದು ಕಡೆ ಐದಾರು ಮನೆಯವರು ಒಂದೇ ಮನೆಯಲ್ಲಿ ಸೇರಿದ್ದರು. ಎಲ್ಲರೂ ಫೋನ್ ಆನ್ ಮಾಡಿಕೊಂಡು ಸಿಗ್ನಲ್ ಹುಡುಕುತ್ತಿದ್ದರು. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಅವರಿಗೆ ಹೇಳಿದೆವು: ಒಂದು ಫೋನ್ ಮಾತ್ರ ಆನ್ ಇರಲಿ, ಅದೂ ಗಂಟೆ ಹೊಡೆದಾಗ ಹತ್ತು ನಿಮಿಷ. ನಾವು ಆ ಹತ್ತು ನಿಮಿಷದಲ್ಲೇ ಮಾಡ್ತೇವೆ. ಅಲ್ಲಿದ್ದ ಒಬ್ಬ ಅಜ್ಜನ ಕೀಪ್ಯಾಡ್ ಫೋನು ಎಲ್ಲರ ಸ್ಮಾರ್ಟ್‌ಫೋನಿಗಿಂತ ಜಾಸ್ತಿ ಹೊತ್ತು ಬದುಕಿತ್ತು. ಅದರಲ್ಲಿ ಟಾರ್ಚೂ ಇತ್ತು.

ಎಸ್ಸೆಮ್ಮೆಸ್ ವಿಷಯ ಇಲ್ಲೇ ಹೇಳಿಬಿಡ್ತೇನೆ. ನೆಟ್ ಪೂರ್ತಿ ಸತ್ತಾಗ, ಕಾಲ್ ಹೋಗದಾಗಲೂ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಎಸ್ಸೆಮ್ಮೆಸ್ ದಾಟಿಬಿಡುತ್ತದೆ. ಈಗ ಹೋಗದಿದ್ದರೂ ಆ ಕಡೆ ಫೋನ್ ಆನ್ ಆದಾಗ ಹೋಗಿ ಕೂರುತ್ತದೆ. ಆದರೆ ಕನ್ನಡ ಅಕ್ಷರದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವುದು 70 ಅಕ್ಷರ ಮಾತ್ರ. ಇಂಗ್ಲಿಷ್ ಅಕ್ಷರದಲ್ಲಾದರೆ 160. ಕನ್ನಡದ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಸ್ವಲ್ಪ ಉದ್ದವಾದರೆ ಮೆಸೇಜು ಎರಡು ಮೂರು ತುಂಡಾಗಿ ಹೊರಡುತ್ತದೆ. ಸಿಗ್ನಲ್ ಹೋಗಿ ಬಂದು ಮಾಡುವಾಗ ಅದರಲ್ಲಿ ಒಂದು ತುಂಡು ದಾರಿಯಲ್ಲೇ ನಿಂತರೆ ಇನ್ನೊಂದು ಸಿಕ್ಕಿಯೂ ಪ್ರಯೋಜನ ಇಲ್ಲ. ಹಾಗಾಗಿ ಕನ್ನಡದ ಅಭಿಮಾನ ಬದಿಗಿಟ್ಟು ಇಂಗ್ಲಿಷ್ ಅಕ್ಷರದಲ್ಲಿ, ಚುಟುಕಾಗಿ ಬರೆಯಿರಿ ಅಂತ ಎಲ್ಲರಿಗೂ ಹೇಳಿದೆವು.

ಇನ್ನು ಜಾಗ. ಇದೇ ಎಲ್ಲಕ್ಕಿಂತ ಕಷ್ಟದ್ದು. ಬೆಂಗಳೂರಿನ ಹಾಗೆ ಮೂರನೇ ಮೇನ್, ಏಳನೇ ಕ್ರಾಸ್ ಅಂತ ಕೊಡಗಿನಲ್ಲಿ ಇಲ್ಲ. ಒಂದು ಊರು ಅಂದರೆ ನಾಲ್ಕು ಗುಡ್ಡ, ಒಂದು ಹೊಳೆ, ತೋಟದ ನಡುವೆ ಕಿಲೋಮೀಟರಿಗೊಂದು ಮನೆ. ಮನೆತನದ ಹೆಸರು ಹೇಳಿದರೆ ಊರವರಿಗೆ ಗೊತ್ತು. ಹೊರಗಿಂದ ಬಂದ ಎನ್‌ಡಿಆರ್‌ಎಫ್‌ನವರಿಗೆ, ಸೈನ್ಯದವರಿಗೆ ಅದರಿಂದ ಏನೂ ತಿಳಿಯದು. ಅವರು ಕೇಳುವುದು ಅಕ್ಷಾಂಶ, ರೇಖಾಂಶ.

ಇದನ್ನು ಫೋನಿನಲ್ಲಿ ಹೇಳಿಕೊಡುವುದು ಒಂದು ಕಲೆ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಅದು ಉಪಗ್ರಹದಿಂದ ನೇರ ಬರುವ ಸಂಕೇತ. ಮ್ಯಾಪ್ ಖಾಲಿಯಾಗಿ ಬೂದಿ ಬಣ್ಣ ಕಂಡರೂ ನೀಲಿ ಚುಕ್ಕೆ ಬರುತ್ತದೆ. ಮರದ ನೆರಳಿಂದ ಆಚೆ ಬಂದು ಬಯಲಲ್ಲಿ ಕೆಲವು ನಿಮಿಷ ನಿಂತಿರಬೇಕು, ಅಷ್ಟೇ. ಆ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಕಾಣುತ್ತವೆ. ಓದಿ ಹೇಳಿ ಅಂದರೆ ಮೊದಲು ಯಾರೂ ಹೇಳುತ್ತಿರಲಿಲ್ಲ, "ಸ್ಕ್ರೀನ್‌ಶಾಟ್ ಕಳಿಸ್ತೇನೆ ಅಕ್ಕ" ಅನ್ನೋರು. ಸ್ಕ್ರೀನ್‌ಶಾಟ್ ಹೋಗೋಕೆ ನೆಟ್ ಎಲ್ಲಿದೆ? ಓದಿಸಿಯೇ ಬರೆದುಕೊಳ್ಳುತ್ತಿದ್ದೆವು. ಪಾಯಿಂಟ್ ಆದ ಮೇಲೆ ನಾಲ್ಕು ಅಂಕಿ ಸಾಕು. ನಾಲ್ಕನೇ ಅಂಕಿಯವರೆಗೆ ಸರಿಯಿದ್ದರೆ ಸುಮಾರು ಹನ್ನೊಂದು ಮೀಟರ್ ಒಳಗೆ ಜಾಗ ಸಿಗುತ್ತದೆ. ಮೂರೇ ಅಂಕಿ ಆದರೆ ನೂರು ಮೀಟರ್ ಆಚೀಚೆ. ಗುಡ್ಡದಲ್ಲಿ ನೂರು ಮೀಟರ್ ಅಂದರೆ ಕಂದಕದ ಈ ಕಡೆಯೋ ಆ ಕಡೆಯೋ ಅನ್ನುವಷ್ಟು ವ್ಯತ್ಯಾಸ.

ಬರೆದು ಬರೆದು ಒಂದು ವಿಷಯ ಕಣ್ಣಿಗೆ ಬಿತ್ತು. ಮಡಿಕೇರಿ ಸುತ್ತಿನ ಯಾವ ಜಾಗವಾದರೂ ಹನ್ನೆರಡು ಪಾಯಿಂಟ್ ಏನೋ, ಎಪ್ಪತ್ತೈದು ಪಾಯಿಂಟ್ ಏನೋ ಅಂತಲೇ ಶುರುವಾಗುತ್ತದೆ. ಹೀಗಿರುವಾಗ ಶೀಟಿನಲ್ಲಿ ಅಲ್ಲಲ್ಲಿ ಎಪ್ಪತ್ತೇಳು ಪಾಯಿಂಟ್ ಐದು ಅಂತ ಬರುತ್ತಿತ್ತು. ಎಪ್ಪತ್ತೇಳು ಪಾಯಿಂಟ್ ಐದು ಅಂದರೆ ಬೆಂಗಳೂರು! ನಡೆದದ್ದು ಇಷ್ಟೇ: ಊರಿನಿಂದ ಅಪ್ಪ ಅಮ್ಮ ಫೋನ್ ಮಾಡಿ ಕಷ್ಟ ಹೇಳಿದ್ದಾರೆ. ಮಗ ಗಾಬರಿಯಲ್ಲಿ ಅದನ್ನು ಬರೆದು, ಕೆಳಗೆ ಲೊಕೇಶನ್ ಶೇರ್ ಒತ್ತಿದ್ದಾನೆ. ಹೋದದ್ದು ಅವನು ಕೂತ ಜಾಗದ ಲೊಕೇಶನ್. ಆ ಪಿನ್ ಹಿಡಿದು ಯಾರಾದರೂ ಹೊರಟಿದ್ದರೆ ಬೆಂಗಳೂರಿನ ಯಾವುದೋ ಪಿಜಿ ಮುಂದೆ ಹೋಗಿ ನಿಲ್ಲುತ್ತಿದ್ದರು. ಎಪ್ಪತ್ತೈದು ಅಲ್ಲದ ಎಲ್ಲ ಸಾಲಿಗೂ ಕೆಂಪು ಬಣ್ಣ ಬರುವ ಹಾಗೆ ಶೀಟಿನಲ್ಲಿ ಮಾಡಿಟ್ಟೆ. ಕುಶಾಲನಗರದಿಂದ ಸ್ವಲ್ಪ ಪೂರ್ವಕ್ಕೆ ಹೋದರೆ ಎಪ್ಪತ್ತಾರು ಶುರುವಾಗುತ್ತದೆ. ಅವನ್ನು ಕಣ್ಣಲ್ಲೇ ನೋಡಿ ಬಿಡುತ್ತಿದ್ದೆವು.

ಪಟ್ಟಿ ತಯಾರಾದರೆ ಆಯಿತೇ? ಅದನ್ನು ಕೆಲಸ ಮಾಡುವವರ ಕೈಗೆ ಕೊಡಬೇಕು. ಇಡೀ ರಾಜ್ಯ ಒಂದೇ ಸಹಾಯವಾಣಿಗೆ ಫೋನ್ ಮಾಡುತ್ತಿದ್ದರೆ ಯಾವ ಲೈನು ಸಿಗುತ್ತದೆ? ಮಡಿಕೇರಿಯಲ್ಲಿದ್ದ ದೊಡ್ಡಪ್ಪನ ಮಗನನ್ನು ಕಂಟ್ರೋಲ್ ರೂಮಿಗೇ ಹೋಗಿ ಕೂರು ಅಂದೆ. ಅವನು ಅಲ್ಲಿನ ಸಿಬ್ಬಂದಿಯ ಪಕ್ಕ ಒಂದು ಸ್ಟೂಲ್ ಹಾಕಿ ಕೂತ. ನಾವು ಒಂದಿಷ್ಟು ಹೊತ್ತಿಗೊಮ್ಮೆ ಅವನಿಗೆ ಹೊಸ ಸಾಲುಗಳನ್ನು ಕಳಿಸುತ್ತಿದ್ದೆವು, ಅವನು ಕಾಗದದಲ್ಲಿ ಬರೆದು ಕೊಡುತ್ತಿದ್ದ. ರಕ್ಷಣೆಗೆ ಹೋದವರು ಯಾರನ್ನು ಕರೆತಂದರು ಅಂತ ವಾಪಸ್ ಹೇಳುತ್ತಿದ್ದ. ತಂತ್ರಜ್ಞಾನದ ಮಾತು ಬಂದಾಗ ನಾನು ಮೊದಲು ಹೇಳುವುದು ಈ ಸ್ಟೂಲಿನ ಬಗ್ಗೆ. ಅದಿಲ್ಲದಿದ್ದರೆ ನಮ್ಮ ಶೀಟು ಬೆಂಗಳೂರಿನವರ ಸಮಾಧಾನಕ್ಕೆ ಮಾತ್ರ.

ಅದೇ ವಾರ ಕೇರಳದಲ್ಲಿ ಇದನ್ನೇ ಬಹಳ ದೊಡ್ಡ ಮಟ್ಟದಲ್ಲಿ ಮಾಡಿದರು. ಕೇರಳ ರೆಸ್ಕ್ಯೂ ಅಂತ ಒಂದು ವೆಬ್‌ಸೈಟು. ಅಲ್ಲಿನ ರಾಜ್ಯ ಐಟಿ ಮಿಷನ್ ಮತ್ತು ಐಇಇಇ ಸಂಘದ ಎಂಜಿನಿಯರುಗಳು ಸೇರಿ ಕಟ್ಟಿದ್ದು. ಸಹಾಯ ಬೇಕಾದವರು ಅದರಲ್ಲಿ ಫಾರ್ಮ್ ತುಂಬುತ್ತಿದ್ದರು. ಕೋಡನ್ನು ಎಲ್ಲರಿಗೂ ತೆರೆದಿಟ್ಟಿದ್ದರು, ದೇಶ ವಿದೇಶದಿಂದ ಹುಡುಗರು ಹುಡುಗಿಯರು ಸೇರಿ ತಿದ್ದಿದರು. ಅಲ್ಲೂ ಕೊನೆಗೆ ಯಾರೋ ಕೂತು ಒಂದೊಂದೇ ನಂಬರಿಗೆ ಫೋನ್ ಮಾಡಿ ನಿಜವೋ, ಹಳೆಯದೋ ಅಂತ ನೋಡಲೇಬೇಕಾಯಿತು. ನಮ್ಮ ಮಲಯಾಳಂ ಸಹೋದ್ಯೋಗಿ ಹಗಲು ನಮ್ಮ ಜೊತೆ, ರಾತ್ರಿ ಅವರ ಜೊತೆ. ಅವಳು ಯಾವಾಗ ಮಲಗಿದಳು ಅಂತ ನನಗೆ ಈಗಲೂ ಗೊತ್ತಿಲ್ಲ.

ಇನ್ನು ಕ್ಲೋಸ್ ಮಾಡುವ ಕೆಲಸ. ಜನ ಹೊರಬಂದರು ಅಂತ ಖಾತ್ರಿಯಾದ ಮೇಲೆ ಆ ಮೆಸೇಜು ಎಲ್ಲೆಲ್ಲಿ ಓಡಾಡುತ್ತಿದೆಯೋ ಅಲ್ಲೆಲ್ಲ ಹೋಗಿ "ಇವರು ಸುರಕ್ಷಿತವಾಗಿದ್ದಾರೆ, ಇನ್ನು ಕಳಿಸಬೇಡಿ" ಅಂತ ತಾರೀಕು, ಗಂಟೆ ಸಮೇತ ಹಾಕಬೇಕು. ಕಳಿಸುವಾಗ ಇದ್ದ ಉತ್ಸಾಹ ನಿಲ್ಲಿಸುವಾಗ ಯಾರಿಗೂ ಇರುವುದಿಲ್ಲ. ವಾಟ್ಸಾಪ್ ಆ ಜುಲೈನಲ್ಲಷ್ಟೇ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಘೋಷಿಸಿತ್ತು. ನಮ್ಮವರು ಐದೈದರಂತೆ ಮತ್ತೆ ಮತ್ತೆ ಕಳಿಸಿದರು. ಅಣೆಕಟ್ಟೆ ಬಿರುಕು ಬಿಟ್ಟಿದೆ ಅನ್ನುವ ಆಡಿಯೊ ಒಂದು ಬಂತು. ಗಂಭೀರವಾದ ಗಂಡಸಿನ ದನಿ, ಹೆಸರಿಲ್ಲ, ತಾರೀಕಿಲ್ಲ. ಅದನ್ನು ಕೇಳಿ ರಾತ್ರೋರಾತ್ರಿ ಮನೆ ಬಿಟ್ಟವರನ್ನು ನಾನು ಬಲ್ಲೆ. ಅಕ್ಷರದಲ್ಲಿದ್ದರೆ ಹುಡುಕಿ ಹಿಡಿಯಬಹುದು. ಆಡಿಯೊ ಒಳಗೆ ಏನಿದೆ ಅಂತ ಪ್ರತಿಯೊಂದನ್ನೂ ಕೇಳಿಯೇ ತಿಳಿಯಬೇಕು.

ಸಾಮಾನಿನ ಮೆಸೇಜುಗಳದ್ದೂ ಇದೇ ಕಥೆ. "ಕ್ಯಾಂಪಿನಲ್ಲಿ ಬ್ರೆಡ್ ಬೇಕು, ಬಟ್ಟೆ ಬೇಕು" ಅಂತ ಮೊದಲ ದಿನ ಬರೆದದ್ದು ವಾರವಾದರೂ ತಿರುಗುತ್ತಿತ್ತು. ಲೋಡುಗಟ್ಟಲೆ ಬ್ರೆಡ್ ಬಂದು ಬೂಷ್ಟು ಹಿಡಿಯಿತು. ಹಳೆ ಬಟ್ಟೆಯ ಗುಡ್ಡೆಯಾಯಿತು. ಬೇಕಿದ್ದದ್ದು ಒಳ ಉಡುಪು, ಸ್ಯಾನಿಟರಿ ಪ್ಯಾಡು, ರಬ್ಬರ್ ಚಪ್ಪಲಿ, ಟಾರ್ಚು. ಆಮೇಲೆ ನಾವು ಹಾಕಿದ ಪ್ರತಿ ಬೇಡಿಕೆಯ ಮೊದಲ ಸಾಲಿನಲ್ಲೇ "ಇಂದು ಸಂಜೆ 6ರವರೆಗೆ ಮಾತ್ರ, ಆಮೇಲೆ ಕಳಿಸಬೇಡಿ" ಅಂತ ಬರೆಯುತ್ತಿದ್ದೆವು. ಇದು ಸ್ವಲ್ಪ ಮಟ್ಟಿಗೆ ಕೆಲಸ ಮಾಡಿತು. ಆದರೆ ಸಂಪರ್ಕಕ್ಕೆ ಅಂತ ತನ್ನ ನಂಬರ್ ಕೊಟ್ಟಿದ್ದ ನಮ್ಮ ಕಡೆಯ ಹುಡುಗನೊಬ್ಬನಿಗೆ ಮುಂದಿನ ವರ್ಷದ ಮಳೆಗೂ ಫೋನ್ ಬರುತ್ತಿತ್ತು. ಸಿಮ್ ಬದಲಾಯಿಸಿದ ಪಾಪ.

ಒಂದು ವಿಷಯ ನನ್ನನ್ನು ಬಹಳ ಕಾಡಿತು. ಶೀಟಿನಲ್ಲಿದ್ದ ಹೆಸರುಗಳೆಲ್ಲ ಮನೆ ಇದ್ದವರವು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಕ್ಕಳಿದ್ದವರವು. ತೋಟದ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಇದ್ದವರ ಹೆಸರು ಯಾವ ಫಾರ್ವರ್ಡಿನಲ್ಲೂ ಬರಲಿಲ್ಲ. ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರು, ತಮಿಳು ಮಾತಾಡುವವರು, ಇಲ್ಲಿನ ಆದಿವಾಸಿ ಯರವರು. ಅವರ ಕಷ್ಟವನ್ನು ಟೈಪ್ ಮಾಡಿ ಕಳಿಸಲು ಯಾರಿದ್ದಾರೆ? ಗೆಳತಿಯ ತಂಗಿ ಒಂದು ಉಪಾಯ ಮಾಡಿದಳು. ಫೋನಿಗೆ ಸಿಕ್ಕ ಪ್ರತಿ ತೋಟದವರ ಹತ್ತಿರವೂ "ನಿಮ್ಮ ಲೈನಿನಲ್ಲಿ ಎಷ್ಟು ಜನ ಇದ್ದಾರೆ, ಈಗ ಎಲ್ಲಿದ್ದಾರೆ" ಅಂತ ಬೇರೆಯೇ ಕೇಳತೊಡಗಿದಳು. ಕೆಲವರು ತಕ್ಷಣ ಹೇಳಿದರು. ಕೆಲವರು ಸುಮ್ಮನಾದರು. ಆ ಮೌನದ ನಂತರ ಶೀಟಿಗೆ ಹೊಸ ಸಾಲುಗಳು ಬಂದವು.

ಆ ಆಗಸ್ಟಿನಲ್ಲಿ ಕೊಡಗಿನಲ್ಲಿ ಇಪ್ಪತ್ತರಷ್ಟು ಜನ ಸತ್ತರು. ಸಾವಿರಾರು ಜನ ಕ್ಯಾಂಪುಗಳಲ್ಲಿದ್ದರು, ಜೋಡುಪಾಲದ ಕಡೆಯವರು ಸಂಪಾಜೆ, ಕಲ್ಲುಗುಂಡಿ, ಅರಂತೋಡಿಗೆ ಇಳಿದರು. ನಮ್ಮ ಶೀಟಿನಿಂದ ಎಷ್ಟು ಜನ ಉಳಿದರು ಅಂತ ಕೇಳುವವರಿದ್ದಾರೆ. ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಬಹಳಷ್ಟು ಜನರನ್ನು ಅಕ್ಕಪಕ್ಕದವರೇ ಹಗ್ಗ ಹಿಡಿದು, ಹೆಗಲ ಮೇಲೆ ಹೊತ್ತು ಕರೆತಂದಿದ್ದರು, ಯಾರ ಫೋನಿಗೂ ಕಾಯದೆ. ಅದನ್ನು ನೋಡಿದ ಮೇಲೇ ನನಗೆ ಅನಿಸಿದ್ದು, ಬೆಂಗಳೂರಿನ ಮೇಜಿಗಿಂತ ಊರಲ್ಲಿ ಮಳೆಗೆ ಮುಂಚೆ ಮಾಡಬೇಕಾದ ಕೆಲಸ ದೊಡ್ಡದು ಅಂತ.

ಮುಂದಿನ ಬೇಸಿಗೆಯಲ್ಲಿ ತಮ್ಮ ಮತ್ತು ನಾನು ಅದನ್ನು ಶುರು ಮಾಡಿದೆವು. ಮನೆ ಮನೆಗೆ ಹೋದೆವು. ಎಲ್ಲರ ಹತ್ತಿರ ಒಂದೇ ಕಂಪನಿಯ ಸಿಮ್ ಇದ್ದರೆ ಆ ಟವರ್ ಬಿದ್ದ ಕೂಡಲೇ ಇಡೀ ಸಾಲಿಗೆ ಕಿವಿ ಇಲ್ಲ. ಹಾಗಾಗಿ ಐದಾರು ಮನೆಗೆ ಒಬ್ಬರಾದರೂ ಬೇರೆ ಸಿಮ್ ಇಡಬೇಕು. ಜೀಪು ಯಾರ ಹತ್ತಿರ, ಮರ ಕೊಯ್ಯುವ ಮೆಷಿನ್ ಯಾರ ಹತ್ತಿರ, ಜನರೇಟರ್ ಎಲ್ಲಿ, ಮಂಚ ಬಿಟ್ಟು ಏಳಲಾರದವರು ಯಾವ ಮನೆಯಲ್ಲಿ, ಎಲ್ಲ ಬರೆದೆವು. ಪ್ರತಿ ಮನೆಯ ಎದುರು ನಿಂತು ಆ ಎರಡು ಸಂಖ್ಯೆಗಳನ್ನೂ ಗುರುತು ಹಾಕಿಕೊಂಡೆವು. ಆಮೇಲೆ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ ಅಂತ ಕೊಟ್ಟೆವು. "ಫೋನಲ್ಲೇ ಉಂಟಲ್ಲ, ಕಾಗದ ಯಾಕೆ?" ಅಂದರು ಒಬ್ಬ ಮಾವ. ಫೋನ್ ಚಾರ್ಜ್ ಮುಗಿದಾಗ ಪಕ್ಕದವರ ಫೋನಿಂದ ಮಾಡಬೇಕಾದರೆ ನಂಬರ್ ನೆನಪಿರುತ್ತಾ ಮಾವ ಅಂದೆ. ತನ್ನ ಹೆಂಡತಿಯ ನಂಬರೇ ಅವರಿಗೆ ಬಾಯಿಗೆ ಬರಲಿಲ್ಲ.

ಮಳೆ ಲೆಕ್ಕಕ್ಕೆ ಮಾತ್ರ ಹೊಸದೇನೂ ಬೇಕಾಗಲಿಲ್ಲ. ನಮ್ಮ ಕಡೆ ಕಾಫಿ ಬೆಳೆಗಾರರು ತಲೆತಲಾಂತರದಿಂದ ಮಳೆ ಅಳೆಯುತ್ತಾರೆ. ಅಂಗಳದ ತುದಿಯಲ್ಲಿ ಮಳೆಮಾಪಕ, ಒಳಗೆ ಒಂದು ಹಳೆ ಪುಸ್ತಕ. ಬೆಳಗ್ಗೆ ಎದ್ದು ನೀರನ್ನು ಗಾಜಿನ ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, "ಎರಡು ಇಂಚು ನಲವತ್ತು ಸೆಂಟು" ಅಂತ ಬರೆಯುವುದು. ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಪಾಲು. ಅದನ್ನೇ ಗ್ರೂಪಿನಲ್ಲಿ ಹಾಕಿ ಅಂದೆವು. ಗುಡ್ಡದ ಮೇಲಿನ ಮನೆಯವರು, ನಡುವಿನವರು, ಹೊಳೆ ಬದಿಯವರು. ಹವಾಮಾನ ಇಲಾಖೆಯವರು ಮಿಲಿಮೀಟರಿನಲ್ಲಿ ಹೇಳುತ್ತಾರೆ: ಒಂದು ದಿನಕ್ಕೆ 64.5 ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಮಳೆ. ನಮ್ಮವರಿಗೆ ಅದನ್ನು ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು ಅಂದರೆ ತಕ್ಷಣ ಗೊತ್ತಾಗುತ್ತದೆ. ರಾಜ್ಯ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಹಾಕಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಅದು ತಾನೇ ಲೆಕ್ಕ ಕಳಿಸುತ್ತದೆ. ಒಳ್ಳೆಯದೇ. ಆದರೆ ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆ.

ಗ್ರೂಪಿಗೆ ಒಂದೇ ನಿಯಮ. ಮಳೆ, ಬಿರುಕು, ರಸ್ತೆ, ಕರೆಂಟ್ ಬಿಟ್ಟು ಬೇರೇನೂ ಹಾಕಬಾರದು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದ ಒಬ್ಬರನ್ನು ತಮ್ಮ ತೆಗೆದೇ ಬಿಟ್ಟ. ಅವರು ನಮ್ಮ ಸೋದರತ್ತೆ, ಹಬ್ಬದ ತನಕ ಮಾತಾಡಲಿಲ್ಲ. ಆದರೆ ಸುಮ್ನೆ ಮೆಸೇಜು ಬರುವ ಗ್ರೂಪನ್ನು ಜನ ಮ್ಯೂಟ್ ಮಾಡುತ್ತಾರೆ. ಮ್ಯೂಟ್ ಆದ ಗ್ರೂಪಿಗೆ ರಾತ್ರಿ ಎರಡು ಗಂಟೆಗೆ ಏನು ಹಾಕಿದರೂ ಒಂದೇ. ಅದಕ್ಕೇ ತುರ್ತಾದರೆ ಗ್ರೂಪು ಬೇಡ, ಕಾಲ್ ಮಾಡಿ ಅಂತ ಇನ್ನೊಂದು ಏರ್ಪಾಡು. ಒಬ್ಬರು ಐವರಿಗೆ, ಆ ಐವರು ತಲಾ ಐವರಿಗೆ.

ಬಿರುಕು ಕಂಡರೆ ಪಕ್ಕದಲ್ಲಿ ಕತ್ತಿ ಇಟ್ಟು ಫೋಟೋ ತೆಗೆಯಿರಿ ಅಂದೆವು. ತೋಟದಲ್ಲಿ ಕತ್ತಿ ಎಲ್ಲರ ಕೈಯಲ್ಲೂ ಇರುತ್ತದೆ. ಅದರ ಪಕ್ಕ ಬಿರುಕು ಎಷ್ಟು ಅಗಲ ಅಂತ ಕಾಣುತ್ತದೆ. ಎರಡೂ ಬದಿಗೆ ಗೂಟ ಹೊಡೆದು ದಿನಾ ನಡುವಿನ ಅಂತರ ಅಳೆದರೆ ಇನ್ನೂ ಒಳ್ಳೆಯದು. ಒರತೆಯ ನೀರು ಒಮ್ಮೆಲೇ ಕೆಂಪಾದರೆ, ಮರ ವಾಲಿದರೆ, ಜೋರು ಮಳೆಯಲ್ಲೂ ತೋಡಿನ ನೀರು ತಟ್ಟನೆ ಕಮ್ಮಿಯಾದರೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ, ಹೊರಡಿ.

2019ರ ಆಗಸ್ಟಿನಲ್ಲಿ ಮತ್ತೆ ಸುರಿಯಿತು. ವಿರಾಜಪೇಟೆ ಕಡೆ ತೋರ ಅನ್ನುವ ಊರಿನಲ್ಲಿ ಬೆಟ್ಟ ಜರಿದು ಸಾವಾಯಿತು. ನಮ್ಮೂರಿನಲ್ಲಿ ಮೇಲಿನ ಮನೆಯವರ ಲೆಕ್ಕ ಏರುತ್ತಾ ಹೋದದ್ದು ನೋಡಿ ತಮ್ಮ ಕಾಲ್ ಶುರು ಮಾಡಿದ. ಬರೆ ಕೆಳಗಿನ ಮನೆಗಳವರು, ಲೈನ್ ಮನೆಯವರು ಎಲ್ಲರೂ ಶಾಲೆಗೆ ಬಂದರು. ಎರಡು ರಾತ್ರಿ ಬೆಂಚಿನ ಮೇಲೆ ಮಲಗಿದರು. ಗುಡ್ಡಕ್ಕೆ ಏನೂ ಆಗಲಿಲ್ಲ. "ಸುಮ್ನೆ ಓಡಿಸಿದ, ಕೋಳಿಗಳನ್ನು ನರಿ ತಿಂದಿತು" ಅಂತ ಒಬ್ಬರು ಇವತ್ತಿಗೂ ಬೈಯುತ್ತಾರೆ. ಬೈಯಲಿ. ಬೈಯಲು ಅವರಿದ್ದಾರಲ್ಲ ಅಂತ ತಮ್ಮನ ವಾದ.

ಆಮೇಲೆ ಸರ್ಕಾರದ ಕಡೆಯಿಂದಲೂ ಹೊಸದು ಬಂದಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಯಾರ ನಂಬರೂ ಬೇಡ, ಆ ಟವರಿನ ಕೆಳಗಿರುವ ಫೋನುಗಳಿಗೆಲ್ಲ ಒಂದೇ ಸಲ ಹೋಗುತ್ತದೆ. ಲೈನು ಎಷ್ಟೇ ತುಂಬಿದ್ದರೂ ತಡೆಯಿಲ್ಲ. ನಮ್ಮ ದೊಡ್ಡಮ್ಮ ಫೋನು ಒಡೆಯಿತು ಅಂತ ಹೆದರಿ ಅಕ್ಕಿ ಡಬ್ಬದೊಳಗೆ ಹಾಕಿಟ್ಟಿದ್ದರು. ಸಚೇತ್ ಅಂತ ಒಂದು ಆ್ಯಪೂ ಇದೆ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು, ನಮ್ಮ ಜಾಗದ ಎಚ್ಚರಿಕೆ ಬರುತ್ತದೆ. ಇವೆಲ್ಲ ಇರಬೇಕು. ಆದರೆ 2024ರ ಜುಲೈ 30ರ ವಯನಾಡಿನ ಭೂಕುಸಿತ ನೋಡಿ. ಕಲ್ಪೆಟ್ಟದ ಪರಿಸರ ಅಧ್ಯಯನ ಸಂಸ್ಥೆ ಹ್ಯೂಮ್ ಸೆಂಟರ್‌ನವರು ಜಿಲ್ಲೆಯುದ್ದಕ್ಕೂ ಇನ್ನೂರಕ್ಕೂ ಹೆಚ್ಚು ಕಡೆ ಮಳೆ ಅಳೆಯುತ್ತಿದ್ದರು. ಹಿಂದಿನ ದಿನ ಬೆಳಗ್ಗೆಯೇ ಅಪಾಯ ಇದೆ ಅಂತ ತಿಳಿಸಿದ್ದರು. ಆದರೂ ಮುಂಡಕ್ಕೈ, ಚೂರಲ್‌ಮಲದಲ್ಲಿ ರಾತ್ರಿ ಮಲಗಿದ್ದ ಜನ ಮಣ್ಣಿನಡಿ ಹೋದರು. ನಮ್ಮ ಚಾಮರಾಜನಗರ ಕಡೆಯಿಂದ ಹೋಗಿ ನೆಲೆಸಿದ್ದವರೂ ಅದರಲ್ಲಿದ್ದರು. ಎಚ್ಚರಿಕೆ ಹೊರಟ ಕಡೆಯಿಂದ ಆ ಮನೆಯ ಬಾಗಿಲಿನವರೆಗಿನ ಕೊನೆಯ ಕಾಲ್ ಯಾರು ಮಾಡುತ್ತಾರೆ ಅನ್ನುವುದೇ ನನ್ನ ತಲೆಯಲ್ಲಿ ಕೂತಿರುವುದು. ಇನ್ನೊಂದು ಮಾತು. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಬರೆಯ ಬುಡ ಕಡಿದು ನೇರ ಗೋಡೆ ಮಾಡಿ ಬಿಟ್ಟರೆ ಯಾವ ಫೋನೂ ಅದನ್ನು ತಡೆದು ನಿಲ್ಲಿಸದು.

ನಮ್ಮ ಪಟ್ಟಿಯನ್ನು ಪ್ರತಿ ಮೇ ತಿಂಗಳು ತಿದ್ದುತ್ತೇವೆ. ಸತ್ತವರ ಹೆಸರು ತೆಗೆಯಬೇಕು, ಮದುವೆಯಾಗಿ ಬಂದವರದ್ದು ಸೇರಿಸಬೇಕು, ರೀಚಾರ್ಜ್ ಇಲ್ಲದೆ ಬಂದ್ ಆದ ನಂಬರ್ ಬದಲಿಸಬೇಕು. ತಲೆನೋವು ಇರುವುದು ಲೈನ್ ಮನೆಗಳಲ್ಲಿ. ಅಲ್ಲಿಯವರು ಕಾಫಿ ಕೊಯ್ಲು ಮುಗಿದರೆ ಊರಿಗೆ ಹೋಗುತ್ತಾರೆ, ಬರುವಾಗ ಬೇರೆ ಸಿಮ್. ಮೇ ತಿಂಗಳಲ್ಲಿ ಬರೆದದ್ದು ಜುಲೈಗೆ ಸುಳ್ಳಾಗಿರುತ್ತದೆ. ಈಗ ಆ ಕೆಲಸ ಮೇಸ್ತ್ರಿಗೆ ಒಪ್ಪಿಸಿದ್ದೇವೆ. ವಾರದ ಸಂಬಳ ಕೊಡುವ ದಿನ ಅವನು ಒಬ್ಬೊಬ್ಬರ ಹತ್ತಿರವೂ ನಂಬರ್ ಕೇಳಿ, ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು, ರಿಂಗ್ ಆದರೆ ಮಾತ್ರ ಬರೆದುಕೊಳ್ಳುತ್ತಾನೆ. ತಮ್ಮ ಆ ಪುಟದ ಫೋಟೋ ಕಳಿಸುತ್ತಾನೆ, ನಾನು ಶೀಟಿಗೆ ಹಾಕುತ್ತೇನೆ. ಈ ಸಲದ ಪುಟದಲ್ಲಿ ಮೂರು ಹೆಸರಿನ ಎದುರು ನಂಬರ್ ಇಲ್ಲ, ಅವರ ಹತ್ತಿರ ಫೋನೇ ಇಲ್ಲವಂತೆ. ಪಕ್ಕದ ಕೋಣೆಯವರ ನಂಬರ್ ಹಾಕಲು ಹೇಳಿದ್ದೇನೆ.